ಇಂಗುಗುಂಡಿ ತೋಡಿಸಿದ ಗುಡ್ಡೆಯಲ್ಲಿ ಬರೆ ಜರಿದಾಗ

ಪುತ್ತೂರು ತಾಲ್ಲೂಕಿನ ಕಾಸರಗೋಡು ಗಡಿಯಲ್ಲಿರುವ ನಮ್ಮ ಮನೆ, ಗುಡ್ಡೆಯನ್ನು ಕಡಿದು ಸಮತಟ್ಟು ಮಾಡಿದ ಜಾಗದಲ್ಲಿದೆ. ಹಿಂಬದಿಯಲ್ಲಿ ಸುಮಾರು 20 ಅಡಿ ಎತ್ತರದ ಬರೆ, ಅಂದರೆ ಗುಡ್ಡೆ ಕಡಿದಾಗ ಉಳಿದ ನೆಟ್ಟಗಿನ ಮಣ್ಣಿನ ಗೋಡೆ, ಅದರ ಮೇಲೆ ಒಂದು ಎಕರೆಯಷ್ಟು ಇಳಿಜಾರಿನ ಗೇರು ಗುಡ್ಡೆ, ಮನೆಯಿಂದ ಕೆಳಗೆ ಅಡಿಕೆ ತೋಟ ಮತ್ತು ತೋಡು (ಸಣ್ಣ ಹಳ್ಳ). ಗುಡ್ಡೆಯ ಮೇಲ್ಮಣ್ಣು ಪ್ರತಿ ಮಳೆಗಾಲದಲ್ಲಿ ಕೊಚ್ಚಿ ಬಂದು ತೋಟದ ಕಣಿಗಳನ್ನು (ನೀರು ಬಸಿಯುವ ಚರಂಡಿಗಳನ್ನು) ತುಂಬುತ್ತಿತ್ತು. ಅದನ್ನು ತಡೆಯಲು, ಜೊತೆಗೆ ಬೇಸಿಗೆಯಲ್ಲಿ ಬಾವಿಗೂ ಅನುಕೂಲವಾಗಲೆಂದು, ನಾನು 2014ರಲ್ಲಿ ಆ ಗುಡ್ಡೆಯಲ್ಲಿ, ಮಳೆನೀರನ್ನು ನೆಲಕ್ಕೆ ಇಳಿಸುವ 22 ಇಂಗುಗುಂಡಿಗಳನ್ನು ತೋಡಿಸಿದೆ. ಮರುವರ್ಷವೇ ಕಣಿಗಳಲ್ಲಿ ಹೂಳು ಕಡಿಮೆಯಾಯಿತು, ಏಪ್ರಿಲ್‌ನಲ್ಲೂ ಬಾವಿಯಲ್ಲಿ ನೀರು ನಿಂತಿತು. ನಾಲ್ಕು ವರ್ಷ ನೆಂಟರಿಷ್ಟರಿಗೆಲ್ಲ ಆ ಗುಂಡಿಗಳನ್ನು ತೋರಿಸಿ ಹೆಮ್ಮೆಪಟ್ಟಿದ್ದೇನೆ.

2018ರ ಆಗಸ್ಟ್‌ನಲ್ಲಿ, ಕೊಡಗಿನ ಗಡಿಯ ಜೋಡುಪಾಲದಲ್ಲಿ ಗುಡ್ಡ ಜರಿದು ಜೀವಹಾನಿಯಾದ ವಾರದಲ್ಲೇ, ನಮ್ಮ ಬರೆಯ ಬುಡದಲ್ಲಿ ಎಂದೂ ಇಲ್ಲದ ಒಸರು ಕಾಣಿಸಿತು. ಮೊದಲ ದಿನ ತಿಳಿಯಾಗಿದ್ದ ನೀರು ಮರುದಿನ ಬಿಳಿ ಮಣ್ಣು ಕದಡಿದಂತೆ ಬಂತು. ಮೇಲೆ ಹತ್ತಿ ನೋಡಿದರೆ, ಇಂಗುಗುಂಡಿಗಳ ಕೆಳಸಾಲಿನ ಉದ್ದಕ್ಕೂ ಕುಡುಗೋಲಿನಂತೆ ಬಾಗಿದ ಬಿರುಕು. ಅದರೊಳಗೆ ಹೆಬ್ಬೆರಳು ಸಲೀಸಾಗಿ ಇಳಿಯುತ್ತಿತ್ತು. ಆ ಸಂಜೆಯೇ ಮನೆಮಂದಿಯನ್ನು ಅತ್ತೆಯ ಮನೆಗೆ ಕಳುಹಿಸಿದೆ. ರಾತ್ರಿ ಬರೆಯ ಒಂದು ಭಾಗ ಜರಿದು ಬಚ್ಚಲುಕೊಟ್ಟಿಗೆಯನ್ನು ಮುಚ್ಚಿತು.

ಜರಿದ ಮೇಲೆ ಗುಡ್ಡೆಯ ಒಳಗನ್ನು ಮೊದಲ ಬಾರಿ ಕಣ್ಣಾರೆ ಕಂಡೆ. ಮೇಲೆ ಎರಡಡಿ ಕೆಂಪು ಮಣ್ಣು, ಅದರ ಕೆಳಗೆ ಏಳೆಂಟು ಅಡಿ ಮುರಕಲ್ಲು ಎಂಬ ತೂತುತೂತಾದ ಕೆಂಪುಕಲ್ಲು, ಅದಕ್ಕೂ ಕೆಳಗೆ ಬಿಳಿ, ಹಳದಿ, ತಿಳಿಗೆಂಪು ಬಣ್ಣಗಳ ಶೇಡಿ ಮಣ್ಣು. ಇವೆಲ್ಲವೂ ಒಂದು ಕಾಲದಲ್ಲಿ ಗಟ್ಟಿ ಕಲ್ಲಾಗಿದ್ದವು. ವರ್ಷಕ್ಕೆ ಸುಮಾರು 4000 ಮಿಲಿಮೀಟರ್ ಮಳೆ ಬೀಳುವ ನಮ್ಮ ಸೀಮೆಯಲ್ಲಿ ಬಿಸಿ ಮತ್ತು ನೀರು ಸೇರಿ ಲಕ್ಷಾಂತರ ವರ್ಷ ಕಲ್ಲನ್ನು ಕೊಳೆಯಿಸಿವೆ. ಸೋಡಿಯಂ, ಪೊಟ್ಯಾಸಿಯಂ ಮತ್ತು ಸಿಲಿಕಾದ ಬಹುಭಾಗ ಕರಗಿ ಹೋಗಿ, ಮೇಲ್ಪದರದಲ್ಲಿ ಕಬ್ಬಿಣ ಮತ್ತು ಅಲ್ಯೂಮಿನಿಯಂ ಉಳಿದು ಮುರಕಲ್ಲಾಯಿತು. ಅದರಡಿಯಲ್ಲಿ ಕಲ್ಲಿನೊಳಗಿನ ಫೆಲ್ಡ್‌ಸ್ಪಾರ್ ಎಂಬ ಖನಿಜ ಜೇಡಿಯಾಗಿ ಶೇಡಿ ಉಂಟಾಯಿತು. ಸ್ಕಾಟ್ಲೆಂಡಿನ ವೈದ್ಯ ಫ್ರಾನ್ಸಿಸ್ ಬುಕಾನನ್ 1807ರಲ್ಲಿ ಪ್ರಕಟಿಸಿದ ಪ್ರವಾಸಕಥನದಲ್ಲಿ ಮಲಬಾರಿನ ಈ ಕಲ್ಲಿಗೆ, ಇಟ್ಟಿಗೆ ಎಂಬರ್ಥದ ಲ್ಯಾಟಿನ್ ಪದದಿಂದ ಲ್ಯಾಟರೈಟ್ ಎಂಬ ಹೆಸರು ಕೊಟ್ಟ. ಅವನಿಗೆ ಹೆಸರು ಬೇಕಿದ್ದದ್ದು ಕಡಿದು ಮನೆ ಕಟ್ಟುವ ಮೇಲಿನ ಕಲ್ಲಿಗೆ. ನಮ್ಮನ್ನು ಕಾಡುವುದು ಅದರ ಕೆಳಗಿರುವ ಶೇಡಿ. ಬೇಸಿಗೆಯಲ್ಲಿ ಪಿಕಾಸಿಗೂ ಜಗ್ಗದಷ್ಟು ಬಿಗಿಯಾಗಿರುವ ಈ ಮಣ್ಣು, ನೀರು ತುಂಬಿದರೆ ಅಂಬಲಿಯಂತಾಗುತ್ತದೆ.

ನೀರಿಗಾಗಿ ಗುಡ್ಡೆಯೊಳಕ್ಕೆ ಅಡ್ಡಲಾಗಿ ಕೊರೆಯುವ ಸುರಂಗ ತೋಡುವ ಕೆಲಸದಲ್ಲಿ ಪಳಗಿದ ಹಿರಿಯರೊಬ್ಬರನ್ನು ಕರೆಸಿದೆ. ಅವರು ಮುರಕಲ್ಲು ಮುಗಿದು ಶೇಡಿ ಶುರುವಾಗುವ ಗೆರೆಯ ಮೇಲೆ ಅಂಗೈ ಇಟ್ಟು, "ನೀರು ಕೂರುವುದು ಇಲ್ಲೇ. ನೀವು ಗುಡ್ಡೆಗೆ ಕುಡಿಸಿದ್ದು ಜಾಸ್ತಿ ಆಯಿತು ಮಾರಾಯ್ರೆ" ಎಂದರು. ಮುರಕಲ್ಲಿನ ತೂತುಗಳಲ್ಲಿ ಸರಾಗವಾಗಿ ಇಳಿದ ನೀರು ಶೇಡಿಯ ಮೇಲೆ ತಡೆದು ನಿಲ್ಲುತ್ತದೆ, ಮೇಲಿನ ಭಾರವನ್ನು ಹೆಚ್ಚಿಸುತ್ತದೆ, ಮಣ್ಣಿನ ಕಣಗಳ ನಡುವಿನ ಹಿಡಿತವನ್ನು ಸಡಿಲಿಸುತ್ತದೆ. ಒಂದು ಎಕರೆಗೆ 100 ಮಿಲಿಮೀಟರ್ ಮಳೆ ಎಂದರೆ ನಾಲ್ಕು ಲಕ್ಷ ಲೀಟರ್ ನೀರು. ಅದು ಮೇಲಿನಿಂದ ಹರಿದು ಹೋಗಿದ್ದರೆ ಒಂದಿಷ್ಟು ಮಣ್ಣನ್ನು ಒಯ್ಯುತ್ತಿತ್ತು. ಹರಿಯಲು ಬಿಡದೆ ಅದರಲ್ಲಿ ದೊಡ್ಡ ಪಾಲನ್ನು ನಾನು ಗುಡ್ಡೆಯ ಹೊಟ್ಟೆಗೆ ಇಳಿಸಿದ್ದೆ. ಸವಕಳಿಗೆ ಮಾಡಿದ ಮದ್ದು ಜರಿತಕ್ಕೆ ಕಾರಣವಾಗಿತ್ತು.

ಮೊದಲು ಬಿರುಕಿಗೆ ಜೇಡಿಮಣ್ಣು ತುಂಬಿ, ದಮ್ಮಸು ಮಾಡಿ, ಟಾರ್ಪಾಲು ಹೊದೆಸಿದೆವು. ಬರೆಯ ಬುಡದ ಮಣ್ಣನ್ನು ಜೆಸಿಬಿಯಿಂದ ಒಮ್ಮೆಲೇ ತೆಗೆಸಲು ಎಲ್ಲರೂ ಹೇಳಿದರು. ನಾನು ಒಪ್ಪಲಿಲ್ಲ, ಏಕೆಂದರೆ ಜರಿದು ಬಿದ್ದ ಆ ರಾಶಿಯೇ ಉಳಿದ ಬರೆಗೆ ಊರುಗೋಲಾಗಿತ್ತು. ಮಳೆ ನಿಂತ ಮೇಲೆ ಇಳಿಜಾರಿನ 20 ಗುಂಡಿಗಳನ್ನು ಮುಚ್ಚಿಸಿ, ನೆತ್ತಿಯ ಸಮತಟ್ಟಿನಲ್ಲಿದ್ದ ಎರಡನ್ನು ಮಾತ್ರ ಉಳಿಸಿದೆ. ಬರೆಯಿಂದ 30 ಅಡಿ ಮೇಲೆ ಅಡ್ಡಲಾಗಿ ಕಾಲುವೆ ತೆಗೆದು, ನೀರು ಇಂಗದಂತೆ ತಳಕ್ಕೆ ಸಿಮೆಂಟು ಹಾಕಿಸಿ, ಬದಿಯ ತೋಡಿಗೆ ತಿರುಗಿಸಿದೆ. ನೆಟ್ಟಗಿದ್ದ ಬರೆಯನ್ನು ಮೇಲಿನಿಂದ ಕೆಳಕ್ಕೆ ಮೂರು ಮೆಟ್ಟಿಲುಗಳಾಗಿ ಕಡಿಸಿ, ಅಂಚಿನಲ್ಲಿ ಲಾವಂಚ ನೆಡಿಸಿದೆ. ಸುರಂಗದ ಹಿರಿಯರು ಮುರಕಲ್ಲು ಮತ್ತು ಶೇಡಿ ಕೂಡುವ ಗೆರೆಯಲ್ಲಿ ಐದು ಕಡೆ, ಒಳಗಿನ ತುದಿ ತುಸು ಎತ್ತರದಲ್ಲಿರುವಂತೆ ರಂಧ್ರ ಕೊರೆದು, ತೂತು ಮಾಡಿ ಬಲೆ ಸುತ್ತಿದ ಪಿವಿಸಿ ಪೈಪುಗಳನ್ನು 15 ಅಡಿ ಒಳಕ್ಕೆ ತೂರಿಸಿದರು. ಸುರಂಗ ಮಾಡುವುದೂ ಇದನ್ನೇ, ಗುಡ್ಡೆಯ ನೀರನ್ನು ಅಡ್ಡಲಾಗಿ ಹೊರಗೆ ತರುವುದನ್ನು. ಕುಡಿಯುವ ನೀರಿಗೆಂದು ನಮ್ಮ ಹಿರಿಯರು ಬಳಸಿದ ವಿದ್ಯೆ ಬರೆ ಉಳಿಸುವುದಕ್ಕೂ ಒದಗಿತು.

ಇಲ್ಲಿ ನನ್ನದೇ ಒಂದು ತಪ್ಪನ್ನು ಹೇಳಬೇಕು. ಬುಡಕ್ಕೆ ಗುತ್ತಿಗೆದಾರರೊಬ್ಬರು ಕಟ್ಟಿದ ಕಾಂಕ್ರೀಟ್ ಗೋಡೆಯಲ್ಲಿ ನೀರು ಬಸಿಯಲು ಒಂದೂ ತೂತು ಇರಲಿಲ್ಲ, ನಾನೂ ಗಮನಿಸಲಿಲ್ಲ. ಮುಂದಿನ ಆಷಾಢದಲ್ಲೇ ಅದು ಹೊಟ್ಟೆ ಬಂದು ಸೀಳಿತು. ಅದನ್ನು ಒಡೆಸಿ, ತಂತಿ ಬಲೆಯೊಳಗೆ ಕಾಡುಕಲ್ಲು ಜೋಡಿಸಿದ ಗೋಡೆ ಹಾಕಿಸಿದೆ. ಅದಕ್ಕೆ ಕಾಂಕ್ರೀಟಿನಷ್ಟು ಅಂದವಿಲ್ಲ, ಆದರೆ ನೀರನ್ನು ಬಿಡುತ್ತದೆ, ಮಣ್ಣನ್ನು ಹಿಡಿಯುತ್ತದೆ.

ಹಳೆಯ ಬಿರುಕಿನ ಎರಡೂ ಬದಿಗೆ ಗೂಟ ಹೊಡೆದು, ಅವುಗಳ ನಡುವಿನ ಅಂತರವನ್ನು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ವಾರಕ್ಕೊಮ್ಮೆ ಅಳೆದು ಬರೆದಿಡುತ್ತೇನೆ. 2019ರಲ್ಲಿ ಅರ್ಧ ಇಂಚು ಸರಿದಿತ್ತು, ಆಮೇಲೆ ಸರಿದಿಲ್ಲ. ಆಶ್ಲೇಷ ಮಳೆಯಲ್ಲಿ ಐದೂ ಪೈಪುಗಳಿಂದ ತಿಳಿನೀರು ಸುರಿಯುತ್ತದೆ. ಅದು ಕದಡಿದ ದಿನ ಮನೆ ಬಿಡುವುದೆಂದು ನಮ್ಮಲ್ಲಿ ತೀರ್ಮಾನವಾಗಿದೆ. ಬಾವಿ ಮಾತ್ರ ಮೊದಲಿನಂತೆ ಮಾರ್ಚ್ ಕೊನೆಗೇ ತಳ ಕಾಣುತ್ತದೆ, ಅಡಿಕೆಗೆ ಆಗ ತೋಡಿಗೆ ಅಡ್ಡ ಹಾಕಿದ ಕಟ್ಟದ ನೀರೇ ಗತಿ.