ಸಾಮತಿ ಓದುವುದು ಹೇಗೆ: ಬಂದರಿನ ರೈಟರೊಬ್ಬನ ಲೆಕ್ಕ

ಕಾರವಾರದ ಬೈತಖೋಲ್ ಬಂದರಿನಲ್ಲಿ ಮೀನಿನ ಲೆಕ್ಕ ಬರೆಯುವ ರೈಟರ್ ನಾನು. ನಮ್ಮ ಚರ್ಚಿನ ವಾರ್ಡಿನ ಬೈಬಲ್ ಓದು ನಡೆಸುವುದೂ ನನ್ನ ತಲೆಗೇ ಬಂದಿದೆ. ಯೇಸುಸ್ವಾಮಿಯ ಸಾಮತಿ, ಅಂದರೆ ಅವರು ಹೇಳಿದ ದೃಷ್ಟಾಂತದ ಕಥೆ, ಬಂದ ಸಂಜೆ ಅಲ್ಲಿ ಎರಡು ಪಾರ್ಟಿ ಆಗುತ್ತದೆ. ಬರೆದದ್ದೆಲ್ಲ ಬರೆದ ಹಾಗೇ ನಡೆಯಿತು ಎನ್ನುವವರು ಒಂದು ಕಡೆ, ಕಥೆಯಲ್ಲಿ ಬರುವ ಕತ್ತೆಗೂ ಎಣ್ಣೆಗೂ ಗೂಢಾರ್ಥ ಹುಡುಕುವವರು ಇನ್ನೊಂದು ಕಡೆ. ಇಬ್ಬರಿಗೂ ನಾನು ಹೇಳುವುದು ಒಂದೇ. ಮೊದಲು ಕಥೆಯೊಳಗಿನ ದುಡ್ಡು, ಬಲೆ, ದಾರಿ, ಕೂಲಿ ಎಲ್ಲವನ್ನೂ ಇದ್ದ ಹಾಗೇ ಹಿಡಿದು ನೋಡಿ. ಲೆಕ್ಕ ಎಲ್ಲಿ ತಾಳೆ ಬೀಳುವುದಿಲ್ಲವೋ ಅಲ್ಲಿ ಸಂಕೇತ ಹುಡುಕಿ.

ಮತ್ತಾಯನ ಶುಭಸಂದೇಶದ (ಯೇಸುವಿನ ಜೀವನ ಹೇಳುವ ಬೈಬಲ್ ಪುಸ್ತಕ) 18ನೇ ಅಧ್ಯಾಯದಿಂದ ಶುರು ಮಾಡಿ, ಅಲ್ಲಿ ಇದು ಬೇಗ ಕಾಣುತ್ತದೆ. ರಾಜನಿಗೆ ಒಬ್ಬ ಸೇವಕ 10,000 ತಲಾಂತು ಕೊಡಬೇಕು. ಅದೇ ಸೇವಕನಿಗೆ ಅವನ ಜೊತೆಯವನೊಬ್ಬ 100 ದಿನಾರಿ ಕೊಡಬೇಕು. ಒಂದು ದಿನಾರಿ ಎಂದರೆ ಕೂಲಿಯಾಳಿನ ಒಂದು ದಿನದ ಸಂಬಳ, ಒಂದು ತಲಾಂತು ಎಂದರೆ ಸುಮಾರು 6,000 ದಿನಾರಿ. ಹಾಳೆಯ ಮೇಲೆ ಗುಣಿಸಿ: ಮೊದಲನೆಯವನ ಸಾಲ 6 ಕೋಟಿ ದಿನದ ಕೂಲಿ. ವರ್ಷಕ್ಕೆ 300 ದಿನ ದುಡಿದರೂ ತೀರಲು 2 ಲಕ್ಷ ವರ್ಷ! ಆಗ ಗಲಿಲೇಯವನ್ನೂ ಪೆರೆಯವನ್ನೂ ಆಳುತ್ತಿದ್ದ ಹೆರೋದ್ ಅಂತಿಪನಿಗೆ ಆ ಸೀಮೆಗಳಿಂದ ವರ್ಷಕ್ಕೆ ಸಿಗುತ್ತಿದ್ದುದೇ 200 ತಲಾಂತು ಎಂದು ಇತಿಹಾಸಕಾರ ಜೋಸೆಫಸ್ ಬರೆದಿದ್ದಾನೆ. ಅಂದರೆ ಒಬ್ಬ ಸೇವಕನ ತಲೆಯ ಮೇಲೆ ರಾಜ್ಯದ 50 ವರ್ಷದ ಆದಾಯ. ಇಂಥ ಸಾಲ ಯಾವ ಖಾತೆಪುಸ್ತಕದಲ್ಲೂ ಇರಲು ಸಾಧ್ಯವಿಲ್ಲ, ಕೇಳುತ್ತಿದ್ದವರಿಗೂ ಅದು ಗೊತ್ತಿತ್ತು. ಸಂಕೇತಕ್ಕೆ ಬಾಗಿಲು ಅದೇ. ತೀರಿಸಲಾಗದ ಸಾಲ ಮನ್ನಾ ಆದವನು ನೂರು ದಿನದ ಕೂಲಿಗಾಗಿ ಇನ್ನೊಬ್ಬನ ಕುತ್ತಿಗೆ ಹಿಸುಕುತ್ತಿದ್ದಾನೆ. ಅಂಕಿಗಳನ್ನು ಗಟ್ಟಿಯಾಗಿ ಹಿಡಿಯದವನಿಗೆ ಈ ಕಥೆಯ ಪೆಟ್ಟು ತಾಗುವುದೇ ಇಲ್ಲ.

ಆಮೇಲೆ ಬಲೆಯ ಸಾಮತಿ, ಮತ್ತಾಯ 13:47: ಬಲೆಗೆ ಬಿದ್ದ ಎಲ್ಲ ಬಗೆಯ ಮೀನಿನಲ್ಲಿ ಒಳ್ಳೆಯದನ್ನು ಬುಟ್ಟಿಗೆ ಹಾಕಿ ಕೆಟ್ಟದ್ದನ್ನು ಬಿಸಾಡುವ ಕಥೆ. ಇದನ್ನು ನಮ್ಮ ಕಡಲತೀರದವರಿಗೆ ವಿವರಿಸಬೇಕಾಗಿಲ್ಲ. ರಂಪಣಿ ಬಲೆ ಎಳೆದವರನ್ನು ಕೇಳಿ: ದೋಣಿಯಲ್ಲಿ ಬಲೆ ಸುತ್ತು ಹಾಕಿ ಬಂದು, ಎರಡೂ ತುದಿ ಹಿಡಿದು ದಡಕ್ಕೆ ಎಳೆದರೆ ಬಂಗಡೆ, ತಾರ್ಲೆ, ಏಡಿ, ಕಸ ಎಲ್ಲ ಒಟ್ಟಿಗೇ ಬರುತ್ತದೆ. ಆರಿಸುವುದು ದಡದಲ್ಲಿ ಕೂತು. ಆದರೆ ಒಂದು ಕಡೆ ಎಚ್ಚರ ಬೇಕು. ನಮಗೆ ಬಿಸಾಡುವ ಮೀನು ಎಂದರೆ ಹಳಸಿದ್ದು, ಇಲ್ಲವೇ ರೇಟು ಬಾರದ್ದು. ಯೆಹೂದ್ಯರಿಗೆ ಧರ್ಮಶಾಸ್ತ್ರದ ಲೆಕ್ಕವೂ ಇತ್ತು: ಬೈಬಲ್ಲಿನ ಯಾಜಕಕಾಂಡ 11ರ ಪ್ರಕಾರ ರೆಕ್ಕೆ, ಹುರುಪೆ ಎರಡೂ ಇರುವ ನೀರಿನ ಜೀವಿಯನ್ನು ಮಾತ್ರ ತಿನ್ನಬಹುದು. ಇದನ್ನು ಹೇಳಿದಾಗ ಮೀನು ಮಾರುವ ಬಾಯಿ (ಹೆಂಗಸು) ಒಬ್ಬರು, "ಹಂಗಾದ್ರೆ ರೈಟರೇ, ಶೆಟ್ಲಿ (ಸಿಗಡಿ), ಏಡಿ, ತಿಸ್ರೆ (ಚಿಪ್ಪಿನ ಮೀನು) ಎಲ್ಲಾ ಕೆಟ್ಟದ್ದೇ? ನಮಗೆ ದುಡ್ಡು ಕೊಡೋದೇ ಅದು!" ಎಂದರು. ಹೌದು ಬಾಯಿ, ಅವತ್ತಿನ ಬುಟ್ಟಿಯೇ ಬೇರೆ. ಕಥೆ ನಮ್ಮೂರಿನದ್ದೇ ಅನ್ನಿಸಿದಾಗಲೂ ಕೇಳುತ್ತಿದ್ದವರು ಯಾರು ಎಂದು ನೋಡಿಕೊಳ್ಳಬೇಕು.

ಈ ಸಾಮತಿಗೆ ಅರ್ಥವನ್ನು ಶುಭಸಂದೇಶವೇ ಕೊಟ್ಟಿದೆ: ಲೋಕಾಂತ್ಯದಲ್ಲಿ ದುಷ್ಟರನ್ನು ಸಜ್ಜನರಿಂದ ಬೇರೆ ಮಾಡುವವರು ದೂತರು. ಅದು ಹೇಳಿದಷ್ಟು ತೆಗೆದುಕೊಳ್ಳಿ, ಹಗ್ಗ ಯಾರು, ಬುಟ್ಟಿ ಯಾವುದು ಎಂದು ಬೆಳೆಸಬೇಡಿ. ಆರಿಸುವ ಕೆಲಸ ನಮ್ಮ ವಾರ್ಡಿಗೆ ಕೊಟ್ಟಿಲ್ಲ ಎನ್ನುವುದನ್ನು ಮಾತ್ರ ಒತ್ತಿ ಹೇಳಿ. ಕೆಲವರಿಗೆ ಅದು ಬೇಕಾಗುತ್ತದೆ.

ಅರ್ಥ ಕೊಡದೇ ಇದ್ದಲ್ಲಿ ಒಂದೆರಡು ವಚನ ಹಿಂದಕ್ಕೆ ಹೋಗಿ. ಲೂಕ 18ರಲ್ಲಿ, ವಿಧವೆಯೊಬ್ಬಳು ಬಿಡದೆ ಕಾಡಿದ್ದಕ್ಕೆ ಮಾತ್ರ ನ್ಯಾಯ ಕೊಟ್ಟ ಅನ್ಯಾಯಗಾರ ನ್ಯಾಯಾಧೀಶ ದೇವರೇ ಎಂದು ಹೆದರುವವರಿದ್ದಾರೆ. ಎದೆಗುಂದದೆ ಪ್ರಾರ್ಥಿಸಬೇಕು ಎಂದು ತೋರಿಸಲು ಹೇಳಿದ ಕಥೆ ಅದು ಎಂದು ಮೊದಲ ವಚನದಲ್ಲೇ ಇದೆ. ಕಳ್ಳರು ಹೊಡೆದು ದಾರಿಯಲ್ಲಿ ಬಿಟ್ಟುಹೋದವನನ್ನು ಛತ್ರಕ್ಕೆ ಸೇರಿಸಿದ ಸಮಾರ್ಯದವನ ಕಥೆ ಹುಟ್ಟಿದ್ದು "ನನ್ನ ನೆರೆಯವನು ಯಾರು?" ಎಂಬ ಧರ್ಮಶಾಸ್ತ್ರಿಯ ಪ್ರಶ್ನೆಗೆ. ಸಂತ ಅಗಸ್ಟೀನರು ಅದನ್ನು ಪೂರ್ತಿ ಸಂಕೇತವಾಗಿಯೇ ಓದಿದರು: ಗಾಯಗೊಂಡವನು ಆದಾಮ, ಕಳ್ಳರು ಸೈತಾನ ಮತ್ತು ಅವನ ದೂತರು, ಸಮಾರ್ಯದವನು ಕ್ರಿಸ್ತ, ಛತ್ರ ಧರ್ಮಸಭೆ, ಛತ್ರದವನು ಸಂತ ಪೌಲ. ಧ್ಯಾನಕ್ಕೆ ಚೆಂದ, ನನಗೂ ಇಷ್ಟ. ಆದರೆ ಹಾಗೆ ಓದಿದರೆ ಧರ್ಮಶಾಸ್ತ್ರಿಯ ಪ್ರಶ್ನೆ ಉತ್ತರವಿಲ್ಲದೆ ಉಳಿಯುತ್ತದೆ. ಇದಕ್ಕೆ ಎದುರಾಗಿ 19ನೇ ಶತಮಾನದ ಕೊನೆಯಲ್ಲಿ ಜರ್ಮನಿಯ ವಿದ್ವಾಂಸ ಯೂಲಿಷರ್ ಒಂದು ಸಾಮತಿಗೆ ಒಂದೇ ತಿರುಳು ಎಂದು ವಾದಿಸಿದರು. ಅದೂ ಸ್ವಲ್ಪ ಅತಿಯೇ, ಬಿತ್ತುವವನ ಸಾಮತಿಯಲ್ಲಿ ನಾಲ್ಕು ಬಗೆಯ ನೆಲಕ್ಕೂ ಶುಭಸಂದೇಶವೇ ಬೇರೆ ಬೇರೆ ಅರ್ಥ ಹೇಳುತ್ತದಲ್ಲ.

ಹೆಚ್ಚು ಜಗಳ ಆಗುವುದು ಧನಿಕ ಮತ್ತು ಲಾಜರನ ಕಥೆಗೆ: ಬಾಗಿಲಲ್ಲಿ ಬಿದ್ದಿದ್ದ ಬಡವ ಲಾಜರ ಸತ್ತು ಅಬ್ರಹಾಮನ ಬಳಿ ಸೇರುತ್ತಾನೆ, ಧನಿಕ ಸತ್ತು ಬೆಂಕಿಯಲ್ಲಿ ನರಳುತ್ತಾನೆ. ಆ ಬೆಂಕಿ ನಿಜವಾದ ಬೆಂಕಿಯೇ, ಅಬ್ರಹಾಮನ ಮಾತು ಅಷ್ಟು ದೂರ ಹೇಗೆ ಕೇಳಿಸಿತು, ಐವರು ಸೋದರರು ಎಂದರೆ ಪಂಚೇಂದ್ರಿಯವೇ ಎಂದು ಶುರುವಾದರೆ ರಾತ್ರಿ ಊಟದ ಹೊತ್ತಾದರೂ ಮುಗಿಯುವುದಿಲ್ಲ. ಅದಕ್ಕೆ ಮೊದಲೇ ಲೂಕ 16:14ನ್ನು ಯಾರಿಂದಾದರೂ ಗಟ್ಟಿಯಾಗಿ ಓದಿಸಿಬಿಡಿ: ಹಣದಾಸೆಯ ಫರಿಸಾಯರು (ಯೆಹೂದ್ಯರ ಒಂದು ಧಾರ್ಮಿಕ ಪಂಗಡದವರು) ಯೇಸುವಿನ ಮಾತು ಕೇಳಿ ಗೇಲಿ ಮಾಡುತ್ತಿದ್ದರು. ಆಮೇಲೆ ಕಥೆಗೆ ಬಂದರೆ ಧನಿಕನ ಬಾಗಿಲಲ್ಲೇ ಬಿದ್ದಿದ್ದ ಮನುಷ್ಯನ ಮೇಲೆ ಎಲ್ಲರ ಕಣ್ಣು ಹೋಗುತ್ತದೆ. ಬೆಂಕಿಯ ವಿಷಯ ಬಿಡದವರನ್ನು ಭಾನುವಾರ ಪೂಜೆ ಮುಗಿದ ಮೇಲೆ ಫಾದರ್ ಹತ್ತಿರ ಕಳಿಸಿ. ನರಕದ ಬಗ್ಗೆ ಧರ್ಮಸಭೆಯ ಬೋಧನೆ ಏನೆಂದು ಅವರು ಹೇಳುತ್ತಾರೆ.