ಗರಸು ಮೈದಾನದಿಂದ ಲೀಗಿಗೆ: ನಮ್ಮ ತಂಡದ ಮೊದಲ ಋತು

ಬಳ್ಳಾರಿಯಲ್ಲಿ ಫುಟ್‌ಬಾಲ್ ತಂಡಕ್ಕೆಂದು ಹಣ ಕೇಳಲು ಹೋದರೆ ಮೊದಲು ಎದುರಾಗುವ ಪ್ರಶ್ನೆ ಒಂದೇ: ‘ಬೆಂಗಳೂರು ಎಫ್‌ಸಿ ಮೊದಲ ವರ್ಷವೇ ಲೀಗ್ ಗೆದ್ದಿತಲ್ಲ, ನಿಮ್ಮದೇನು?’ ಕೇಳುವವರನ್ನು ದೂರುವಂತಿಲ್ಲ. ಆ ಕ್ಲಬ್ ಜೆಎಸ್‌ಡಬ್ಲ್ಯು ಸಮೂಹದ್ದು. ಸಮೂಹದ ಉಕ್ಕಿನ ಕಾರ್ಖಾನೆ ಇರುವುದು ನಮ್ಮ ತೋರಣಗಲ್ಲಿನಲ್ಲಿ, 2018ರಲ್ಲಿ ಅದು ಆರಂಭಿಸಿದ ಇನ್‌ಸ್ಪೈರ್ ಕ್ರೀಡಾ ಸಂಸ್ಥೆ ಇರುವುದೂ ಅಲ್ಲೇ. ಹೀಗಾಗಿ ಊರಿನವರ ಲೆಕ್ಕದಲ್ಲಿ ಅದು ಅರ್ಧ ನಮ್ಮದೇ ತಂಡ. 2013ರ ಸೆಪ್ಟೆಂಬರ್‌ನಲ್ಲಿ ಮೋಹನ್ ಬಾಗಾನ್ ಜೊತೆ 1–1 ಡ್ರಾ ಮಾಡಿಕೊಂಡು, ಆಗ ದೇಶದ ಅಗ್ರ ಲೀಗ್ ಆಗಿದ್ದ ಐ-ಲೀಗ್‌ಗೆ ಕಾಲಿಟ್ಟ ತಂಡ, ಮುಂದಿನ ಏಪ್ರಿಲ್‌ನಲ್ಲಿ ಗೋವಾದಲ್ಲಿ ಡೆಂಪೊವನ್ನು 4–2ರಿಂದ ಸೋಲಿಸಿ ಚಾಂಪಿಯನ್ ಆಗಿಬಿಟ್ಟಿತು. ಅವರಿಗೆ ಸುನಿಲ್ ಛೆಟ್ರಿ ನಾಯಕ, ಆ್ಯಶ್ಲಿ ವೆಸ್ಟ್‌ವುಡ್ ಕೋಚ್. ನಮ್ಮಲ್ಲಿದ್ದವರು ಬೆಳಗಿನ ಜಾವ ಚೆಂಡು ಒದ್ದು, ಒಂಬತ್ತಕ್ಕೆ ಜೀನ್ಸ್ ಘಟಕದ ಹೊಲಿಗೆ ಯಂತ್ರದ ಮುಂದೆ ಕೂರುವ ಹುಡುಗರು.

ತಂಡದ ವ್ಯವಸ್ಥಾಪಕನಾಗಿ ನಾನು ಬೆಂಗಳೂರಿನವರಿಂದ ಎರವಲು ಪಡೆಯಲು ನಿರ್ಧರಿಸಿದ್ದು ಒಂದನ್ನೇ: ಆಟಗಾರನಿಗೆ ಪಂದ್ಯಕ್ಕಿಷ್ಟು ಎಂದು ಕೊಡದೆ ತಿಂಗಳ ಸಂಬಳ ಕೊಡುವುದು, ಅದನ್ನೂ ನಿಗದಿತ ದಿನ ಕೊಡುವುದು. ಜೀನ್ಸ್ ಹೊಲಿಯುವವರಿಗೆ ಕೂಲಿ ಪೀಸಿನ ಲೆಕ್ಕದಲ್ಲಿ. ಬೆಳಿಗ್ಗೆ ಎರಡು ಗಂಟೆ ಓಡಿ ದಣಿದವನ ಕೈ ಮಧ್ಯಾಹ್ನ ನಿಧಾನವಾಗುತ್ತದೆ, ಆ ನಷ್ಟ ಅವನ ಮನೆಗೆ ತಟ್ಟುತ್ತದೆ. ನಮ್ಮ ಸಂಬಳ ಮೊದಲು ಆ ನಷ್ಟವನ್ನು ತುಂಬಬೇಕಿತ್ತು. ಘಟಕಗಳ ಮಾಲೀಕರನ್ನು ಒಬ್ಬೊಬ್ಬರಾಗಿ ಕಂಡು, ಪಂದ್ಯದ ಹಿಂದಿನ ದಿನ ಅರ್ಧ ಪಾಳಿ ಸಾಕು ಎಂದು ಒಪ್ಪಿಸಿದೆ. ಕೆಲವರು ಒಪ್ಪಿದರು. ಉಳಿದವರ ಬಳಿ ಆಟಗಾರನ ತಾಯಿಯನ್ನೇ ಕರೆದುಕೊಂಡು ಹೋದೆ. ಅದು ನನ್ನ ಮಾತಿಗಿಂತ ಹೆಚ್ಚು ಕೆಲಸ ಮಾಡಿತು.

ಕರಾರು ಪತ್ರ ಎರಡು ಪುಟದ್ದು, ಕನ್ನಡದಲ್ಲೇ. ಅದರಲ್ಲಿ ಜಗಳ ತಂದ ಕಲಂ ಒಂದು: ಋತು ಮುಗಿಯುವವರೆಗೆ ರಾತ್ರಿ ಟೂರ್ನಿಗಳಲ್ಲಿ ಆಡುವಂತಿಲ್ಲ. ದೀಪದ ಬೆಳಕಿನಲ್ಲಿ ಏಳೇಳು ಜನ ಆಡುವ, ನಗದು ಬಹುಮಾನದ ಆ ಪಂದ್ಯಗಳಲ್ಲಿ ಹೆಸರು ಮಾಡಿದವರೇ ನಮ್ಮ ಒಳ್ಳೆಯ ಆಟಗಾರರು. ನಮ್ಮ ಎಡಬದಿಯ ಹುಡುಗ ಗುಟ್ಟಾಗಿ ಆಡಲು ಹೋಗಿ ಕಣಕಾಲು ಉಳುಕಿಸಿಕೊಂಡು ಬಂದ. ಸಂಬಳ ಕಡಿಯಿರಿ ಎಂದು ಸಮಿತಿಯಲ್ಲಿ ಕೂಗೆದ್ದಿತು. ನಾನು ಕಡಿಯಲಿಲ್ಲ. ಕಾಲು ವಾಸಿಯಾದ ಮೇಲೂ ಎರಡು ಪಂದ್ಯ ಬೆಂಚಿನಲ್ಲಿ ಕೂರಿಸಿದೆ, ಅಷ್ಟೆ. ಇಪ್ಪತ್ತರ ಹುಡುಗನಿಗೆ ಬೆಂಚೇ ದೊಡ್ಡ ದಂಡ.

ನೋಂದಣಿಯ ಕಥೆ ಬೇಗ ಮುಗಿಸುತ್ತೇನೆ. ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್ನಿನ ನೋಂದಣಿ ಈಗ ಆನ್‌ಲೈನ್. ಆಧಾರ್‌ನಲ್ಲಿ ಒಂದು ಇನಿಷಿಯಲ್, ಅಂಕಪಟ್ಟಿಯಲ್ಲಿ ಇನ್ನೊಂದು, ಜನನ ಪ್ರಮಾಣಪತ್ರದಲ್ಲಿ ಹೆಸರೇ ಬೇರೆ. ಹೊಸ ತಂಡ ಕಟ್ಟುವವರು ಕೋಚ್‌ಗಿಂತ ಮೊದಲು ಕಾಗದಪತ್ರ ಬಲ್ಲ ಒಬ್ಬನನ್ನು ಹುಡುಕಿಕೊಳ್ಳಿ.

ಮೈದಾನದ ಬಗ್ಗೆ ಹೇಳಲು ಬಹಳ ಇದೆ. ನಮ್ಮದು ಗರಸು ಹಾಕಿ ರೋಲರ್ ಓಡಿಸಿದ ನೆಲ. ಬೇಸಿಗೆಯಲ್ಲಿ ಚೆಂಡು ಎದೆಯೆತ್ತರ ಪುಟಿಯುತ್ತದೆ, ಕಲ್ಲು ತಾಗಿದರೆ ದಿಕ್ಕು ಬದಲಿಸುತ್ತದೆ. ಇಲ್ಲಿ ಬೆಳೆದವನು ಚೆಂಡನ್ನು ಎದೆಯಲ್ಲಿ ಚೆನ್ನಾಗಿ ಹಿಡಿಯುತ್ತಾನೆ, ಕಾಲಿಗೆ ಬಂದ ಕೂಡಲೇ ಎತ್ತಿ ಒದೆಯುತ್ತಾನೆ. ಲೀಗ್ ಪಂದ್ಯಕ್ಕೆ ಹೋಗುವ ಬೆಂಗಳೂರಿನ ಕೃತಕ ಹುಲ್ಲಿನ ಮೇಲೆ, ಅದೂ ಮಳೆ ಬಿದ್ದ ಸಂಜೆ, ಅದೇ ಚೆಂಡು ಪುಟಿಯದೆ ನೆಲಕ್ಕಂಟಿ ಜಾರಿಕೊಂಡು ಬರುತ್ತದೆ. ಮೊದಲ ಪಂದ್ಯದಲ್ಲಿ ನಮ್ಮ ಡಿಫೆಂಡರ್‌ಗಳು ಪುಟಿತಕ್ಕಾಗಿ ಕಾಯುತ್ತ ನಿಂತಾಗಲೇ ಎದುರಾಳಿ ಚೆಂಡು ಕಸಿದುಕೊಂಡು ಮುಂದೆ ಹೋಗಿದ್ದ.

ಹುಲ್ಲು ಹಾಕಿಸುವ ಶಕ್ತಿ ನಮಗಿರಲಿಲ್ಲ. ನಿಯಮದ ಪ್ರಕಾರ ಚೆಂಡಿನ ಒತ್ತಡ 0.6ರಿಂದ 1.1 ವಾತಾವರಣ ಮಾನದೊಳಗಿರಬೇಕು. ಗೇಜ್ ತಂದು, ಅಭ್ಯಾಸದ ಚೆಂಡುಗಳನ್ನೆಲ್ಲ ಕೆಳಗಿನ ಮಿತಿಗೆ ಇಳಿಸಿದೆವು. ಪುಟಿತ ತಗ್ಗಿತು. ಹಿಂದಿನ ಸಂಜೆ ಟ್ಯಾಂಕರ್ ನೀರು ಹೊಡೆಸಿದ ಒಂದು ಪಟ್ಟಿಯ ಮೇಲೆ ಮಾತ್ರ ಪಾಸಿಂಗ್ ಅಭ್ಯಾಸ ಮಾಡಿಸುತ್ತಿದ್ದೆವು. ಅಲ್ಲಿ ಚೆಂಡನ್ನು ಎತ್ತಿದವನು ಹೊರಗೆ. ಉದ್ದ ಸ್ಟಡ್‌ನ ಬೂಟು ಗರಸಿನ ಮೇಲೆ ಹಿಮ್ಮಡಿಯನ್ನು ಹಣ್ಣು ಮಾಡುವುದರಿಂದ ಚಿಕ್ಕ ಚಿಕ್ಕ ಗುಬ್ಬಿಗಳ ಟರ್ಫ್ ಬೂಟು ಕೊಡಿಸಿದೆವು. ಒಂದೇ ಜೋಡಿ ಎರಡೂ ಕಡೆ ನಡೆಯಿತು.

ಗೋಲ್‌ಕೀಪರ್‌ನದು ಬೇರೆಯೇ ತೊಡಕು. ಗರಸಿನ ಮೇಲೆ ಒಮ್ಮೆ ಹಾರಿ ಬಿದ್ದರೆ ಮೊಣಕೈ, ಸೊಂಟ ಸುಲಿದುಹೋಗುತ್ತವೆ. ಆದ್ದರಿಂದ ನಮ್ಮ ಕಡೆಯ ಕೀಪರ್‌ಗಳು ನಿಂತಲ್ಲಿಂದಲೇ ಕಾಲು ಚಾಚಿ ತಡೆಯುವುದನ್ನು ರೂಢಿಸಿಕೊಂಡಿರುತ್ತಾರೆ. ಕಂಬದಿಂದ ಕಂಬಕ್ಕೆ 7.32 ಮೀಟರ್ ಇರುವಾಗ ಕಾಲು ಎಷ್ಟು ದೂರ ಚಾಚೀತು? ಮೈದಾನದ ಮೂಲೆಯಲ್ಲಿ ಉದ್ದಜಿಗಿತದ ಮರಳಿನ ಗುಂಡಿಯೊಂದು ಹಾಳುಬಿದ್ದಿತ್ತು. ಅದನ್ನು ಅಗೆದು, ಜರಡಿ ಹಿಡಿದ ಮರಳು ತುಂಬಿಸಿ ಕೀಪರ್‌ನನ್ನು ಅಲ್ಲೇ ಬೀಳಲು ಬಿಟ್ಟೆವು. ಮೊದಲು ಮಂಡಿಯೂರಿ, ಆಮೇಲೆ ಕುಕ್ಕರಗಾಲಿನಲ್ಲಿ ಕೂತು, ಕೊನೆಗೆ ನಿಂತು. ಬೀಳುವ ಭಯ ಹೋದ ಮೇಲೆ ಅವನ ಆಟವೇ ಬದಲಾಯಿತು. ಇಡೀ ಋತುವಿನಲ್ಲಿ ನನಗೆ ಹೆಚ್ಚು ಖುಷಿ ಕೊಟ್ಟ ಕೆಲಸ ಅದು, ಖರ್ಚೂ ಅತಿ ಕಡಿಮೆ.

ಪ್ರಯಾಣ ಹಂಪಿ ಎಕ್ಸ್‌ಪ್ರೆಸ್‌ನಲ್ಲಿ. ರಾತ್ರಿ ಬಳ್ಳಾರಿಯಲ್ಲಿ ಹತ್ತಿದರೆ ಗುಂತಕಲ್ ಬಳಸಿಕೊಂಡು ಬೆಳಿಗ್ಗೆ ಬೆಂಗಳೂರು. ಕಾಯ್ದಿರಿಸಿದ ಬರ್ತ್ ಸಿಗದ ವಾರ ಹುಡುಗರು ಕೂತೇ ಬಂದರು, ಆ ಸಂಜೆ ಅರವತ್ತನೇ ನಿಮಿಷದಿಂದಾಚೆ ಅವರ ಕಾಲು ಏಳಲಿಲ್ಲ. ಗೋಲು ಬಿಟ್ಟುಕೊಟ್ಟ ಸಮಯ ಬರೆದಿಟ್ಟಿದ್ದ ನನ್ನ ಪುಸ್ತಕ ತೆರೆದರೆ, ಹೆಚ್ಚಿನವು ಕೊನೆಯ ಕಾಲು ಗಂಟೆಯವು. ಐದು ಬದಲಿ ಆಟಗಾರರನ್ನು ಇಳಿಸಬಹುದು, ಆದರೆ ಆಟ ನಡೆಯುವಾಗ ಅದಕ್ಕೆ ಸಿಗುವ ಅವಕಾಶ ಮೂರೇ. ಸ್ಕೋರು ಏನೇ ಇರಲಿ, ಅರವತ್ತಕ್ಕೆ ಎರಡೂ ಬದಿಯ ಓಟಗಾರರನ್ನು ಒಟ್ಟಿಗೆ ಬದಲಿಸುವುದೆಂದು ಕೋಚ್ ಜೊತೆ ಗೊತ್ತುಮಾಡಿಕೊಂಡೆ. ಪಂದ್ಯದ ದಿನ ಒಗ್ಗರಣೆ–ಮಿರ್ಚಿ ನಿಷೇಧಿಸಿ ಅನ್ನ, ತಿಳಿಸಾರು, ಬಾಳೆಹಣ್ಣು ಎಂದಾಗ ಬಂದ ಗೊಣಗಾಟ, ಬೆಂಚಿಗೆ ಕೂರಿಸಿದಾಗಲೂ ಬಂದಿರಲಿಲ್ಲ. ಮಿರ್ಚಿಯ ಮೇಲೆ ನನಗೇನೂ ದ್ವೇಷವಿಲ್ಲ. ಪಂದ್ಯ ಮುಗಿದ ಮೇಲೆ ತಿನ್ನಲಿ.

ಪಟ್ಟಿಯ ಕೆಳಭಾಗದಲ್ಲಿ ಋತು ಮುಗಿಸಿದೆವು, ಆದರೆ ಕೆಳಗಿನ ದರ್ಜೆಗೆ ಇಳಿಯಲಿಲ್ಲ. ಜಾಹೀರಾತು ಫಲಕದ ಹಣ ಕೊಡುವುದಾಗಿ ಹೇಳಿದ್ದ ಪ್ರಾಯೋಜಕರೊಬ್ಬರು ಕೊನೆಯವರೆಗೂ ‘ನೋಡೋಣ’ ಎನ್ನುತ್ತಲೇ ಇದ್ದರು. ಆ ಹಣ ಬರಬೇಕಿದ್ದ ತಿಂಗಳು ಸಮಿತಿಯವರು ಕೈಯಿಂದ ಹಾಕಿ ಸಂಬಳವನ್ನು ನಿಗದಿತ ದಿನಕ್ಕೇ ಕೊಟ್ಟೆವು. ಈಗ ಎರಡನೇ ಋತುವಿನ ಕರಾರು ಬರೆಯುತ್ತಿದ್ದೇವೆ. ರಾತ್ರಿ ಟೂರ್ನಿಯ ಕಲಂ ಹಾಗೇ ಇದೆ, ಅದರ ಕೆಳಗೆ ಹೊಸದೊಂದು ಸೇರಿದೆ: ಬರ್ತ್ ಖಚಿತವಾಗದಿದ್ದರೆ ತಂಡ ಒಂದು ದಿನ ಮೊದಲೇ ಹೊರಡುತ್ತದೆ, ಆ ದಿನದ ಕೂಲಿ ಕ್ಲಬ್ಬಿನದು.