ಗಾಲ್ಫ್ ಸ್ವಿಂಗ್‌ಗೆ ವೇಗ ಬೇಕೆ? ಚೆಂಡು ಬದಿಗಿಡಿ

ದಾವಣಗೆರೆಯಲ್ಲಿದ್ದುಕೊಂಡು ಗಾಲ್ಫ್ ಹಚ್ಚಿಕೊಂಡವರ ಪಾಡು ಗೊತ್ತಿರುವಂಥದ್ದೇ. ಬಿಡುವು ಸಿಕ್ಕಾಗ ಸುಮಾರು 260 ಕಿ.ಮೀ. ದಾಟಿ ಬೆಂಗಳೂರಿನ ಕೋರ್ಸ್‌ಗೆ ಹೋದರೆ, ಮೊದಲ ಟೀಯಲ್ಲೇ, ಅಂದರೆ ಮೊದಲ ಹೊಡೆತದ ಜಾಗದಲ್ಲೇ, ಜೊತೆಗಾರರ ಚೆಂಡು ನಮ್ಮದಕ್ಕಿಂತ ಎಷ್ಟೋ ಮುಂದೆ ಬಿದ್ದಿರುತ್ತದೆ. ಆಗ ಬಹಳ ಜನ ಹೊಸ ಡ್ರೈವರ್ (ದೂರ ಹೊಡೆಯಲು ಬಳಸುವ ಉದ್ದನೆಯ ಕ್ಲಬ್) ಕೊಳ್ಳುವ ಲೆಕ್ಕ ಹಾಕುತ್ತಾರೆ. ಆ ದುಡ್ಡು ಸದ್ಯಕ್ಕೆ ಜೇಬಿನಲ್ಲೇ ಇರಲಿ. ಚೆಂಡನ್ನು ದೂರ ಒಯ್ಯುವುದು ಕ್ಲಬ್‌ಹೆಡ್‌ನ, ಅಂದರೆ ಚೆಂಡಿಗೆ ತಾಗುವ ಕ್ಲಬ್‌ನ ತಲೆಯ, ವೇಗ. ಆ ವೇಗವನ್ನು ಮನೆಯ ಟೆರೇಸ್ ಮೇಲೆ, ಚೆಂಡೇ ಇಲ್ಲದೆ ಬೆಳೆಸಿಕೊಳ್ಳಬಹುದು. ಚೆಂಡಿಲ್ಲದಿದ್ದರೇ ಒಳ್ಳೆಯದು ಎನ್ನುತ್ತೇನೆ. ಎದುರಿಗೆ ಚೆಂಡು ಕಂಡರೆ ಎಲ್ಲಿ ಹೋಗಿಬಿಡುತ್ತದೋ ಎಂಬ ಅಳುಕಿಗೆ ಕೈ ಬಿಗಿಯಾಗುತ್ತದೆ; ಬಿಗಿದ ಕೈಯಿಂದ ವೇಗ ಬರುವುದಿಲ್ಲ.

ಅಮೆರಿಕದ ಪಿಜಿಎ ಟೂರ್ ಎಂಬ ವೃತ್ತಿಪರ ಸರಣಿಯ ಆಟಗಾರರ ಡ್ರೈವರ್ ವೇಗ ಸರಾಸರಿ ಗಂಟೆಗೆ 115 ಮೈಲಿಯ ಆಸುಪಾಸಿನಲ್ಲಿದೆ. ಹವ್ಯಾಸಿ ಗಂಡಸರದು 93ರ ಆಸುಪಾಸು. ಚೆಂಡು ಕ್ಲಬ್‌ನ ನಟ್ಟನಡುವೆ ತಾಗುವುದಾದರೆ, 1 ಮೈಲಿ ವೇಗ ಹೆಚ್ಚಿದಂತೆ ದೂರ 2ರಿಂದ 3 ಗಜ ಹೆಚ್ಚುತ್ತದೆ. 5 ಮೈಲಿ ಗಳಿಸಿಕೊಂಡರೆ ಎರಡನೇ ಹೊಡೆತಕ್ಕೆ ಚಿಕ್ಕ ಕ್ಲಬ್ ತೆಗೆದುಕೊಂಡರೆ ಸಾಕು.

ಮೊದಲು ಮೈ ಕಾಯಿಸಿ. ದುಗ್ಗಮ್ಮನ ಜಾತ್ರೆಯ ಕುಸ್ತಿ ನೋಡಿ ಬೆಳೆದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಹತ್ತು ಬಸ್ಕಿ ಹೊಡೆಯಿರಿ, ಸೊಂಟದ ಮೇಲಿನ ಭಾಗವನ್ನು ಎರಡೂ ಕಡೆ ನಿಧಾನವಾಗಿ ತಿರುಗಿಸಿ. ಗರಡಿಯ ಪರಿಚಯವಿದ್ದರೆ ಹಗುರವಾದ ಲೋಡು (ಮರದ ಗದೆ) ತಿರುಗಿಸಿ. ಭುಜ ಚೆನ್ನಾಗಿ ಸಡಿಲವಾಗುತ್ತದೆ. ಗಾಲ್ಫ್ ಆಡುವವರನ್ನು ಹೆಚ್ಚು ಕಾಡುವುದು ಕೆಳಬೆನ್ನಿನ ನೋವು. ಅದು ಈಗಾಗಲೇ ಇದ್ದರೆ ವೈದ್ಯರನ್ನು ಕೇಳದೆ ಮುಂದಿನ ಯಾವುದನ್ನೂ ಮಾಡಬೇಡಿ.

ಇನ್ನು ಸದ್ದಿನ ಅಭ್ಯಾಸ. ನನಗೆ ಎಲ್ಲಕ್ಕಿಂತ ಹೆಚ್ಚು ನಂಬಿಕೆ ಇದರ ಮೇಲೆಯೇ. ಡ್ರೈವರನ್ನು ತಲೆಕೆಳಗು ಮಾಡಿ, ಕ್ಲಬ್‌ಹೆಡ್‌ಗೆ ತಾಗಿದಂತಿರುವ ಶಾಫ್ಟ್ (ಕ್ಲಬ್‌ನ ಕೋಲು) ಹಿಡಿದು ಜೋರಾಗಿ ಬೀಸಿ. ಸುಯ್ಯೆಂಬ ಸದ್ದು ಎಲ್ಲಿ ಜೋರಾಗಿ ಕೇಳಿಸಿತು ಎಂದು ಗಮನಿಸಿ. ಬಲಗೈ ಆಟಗಾರರಾದರೆ ಅದು ಚೆಂಡು ಇರಬೇಕಾದ ಜಾಗದಲ್ಲಿ ಅಥವಾ ಅದರಿಂದ ತುಸು ಎಡಕ್ಕೆ ಕೇಳಿಸಬೇಕು. ಬಲಭುಜದ ಬಳಿಯೇ ಕೇಳಿಸಿದರೆ ಮಣಿಕಟ್ಟು ಬೇಗ ಬಿಚ್ಚಿಕೊಂಡಿದೆ, ಚೆಂಡಿನ ಹತ್ತಿರ ಬರುವಷ್ಟರಲ್ಲಿ ವೇಗ ಖರ್ಚಾಗಿ ಹೋಗಿದೆ ಎಂದು ತಿಳಿಯಿರಿ. ಹೆಚ್ಚು ಬಲ ಹಾಕಿದರೆ ಇದು ಸರಿಹೋಗುವುದಿಲ್ಲ. ಹಿಡಿತ ಸಡಿಲಿಸಿ, ಕೈ ಸೊಂಟದ ಮಟ್ಟಕ್ಕೆ ಇಳಿಯುವವರೆಗೆ ಮಣಿಕಟ್ಟಿನ ಮಡಿಕೆ ಹಾಗೆಯೇ ಉಳಿಯಲಿ. ಸದ್ದು ತಾನಾಗಿ ಎಡಕ್ಕೆ ಸರಿಯುತ್ತಾ ಬರುತ್ತದೆ. ಆಷಾಢದ ಗಾಳಿಗೆ ಟೆರೇಸ್ ಮೇಲೆ ಏನೂ ಕೇಳಿಸುವುದಿಲ್ಲ, ಆಗ ಗೋಡೆಯ ಮರೆಗೆ ಬನ್ನಿ.

ಸದ್ದು ಸರಿಯಾದ ಜಾಗಕ್ಕೆ ಬಂದ ಮೇಲೆ ಕಾಲಿನ ಕೆಲಸ. ಎರಡೂ ಪಾದ ಜೋಡಿಸಿ ನಿಂತು ಕ್ಲಬ್ ಹಿಂದಕ್ಕೆ ಎತ್ತಿ. ಅದು ಪೂರ್ತಿ ಮೇಲೆ ಹೋಗುವ ಮೊದಲೇ ಎಡಗಾಲನ್ನು ಗುರಿಯ ಕಡೆಗೆ ಒಂದು ಹೆಜ್ಜೆ ಇಟ್ಟು, ನೆಲವನ್ನು ಒತ್ತಿ, ಆಮೇಲೆ ಬೀಸಿ. ಕೈ ಇನ್ನೂ ಹಿಂದಕ್ಕೆ ಹೋಗುತ್ತಿರುವಾಗಲೇ ಸೊಂಟ ಮುಂದಕ್ಕೆ ತಿರುಗಲು ಶುರುವಾಗಬೇಕು, ಇದರ ಮರ್ಮವೇ ಅದು. ಬಾರುಕೋಲು ಬೀಸುವಾಗ ಕೈ ತಡೆದ ಮೇಲೆ ತುದಿ ಛಟೀರೆನ್ನುವ ಹಾಗೆ, ಕಾಲಿನಿಂದ ಸೊಂಟಕ್ಕೆ, ಸೊಂಟದಿಂದ ಭುಜಕ್ಕೆ, ಭುಜದಿಂದ ಕೈಗೆ ವೇಗ ದಾಟಿ ಕೊನೆಗೆ ಕ್ಲಬ್‌ಹೆಡ್‌ಗೆ ಸೇರುತ್ತದೆ. ತೋಳಿನ ಬಲವೊಂದನ್ನೇ ನಂಬಿದವರು ಈ ಸರಪಳಿಯನ್ನೇ ಕಡಿದುಹಾಕುತ್ತಾರೆ. ಮೊದಮೊದಲು ಹೆಜ್ಜೆ ತಡವಾಗುತ್ತದೆ. ಮೊಬೈಲ್‌ನಲ್ಲಿ ಸ್ಲೋ ಮೋಷನ್ ವಿಡಿಯೊ ಮಾಡಿಕೊಂಡರೆ ಗೊತ್ತಾಗುತ್ತದೆ.

ಮೂರನೆಯದು ತೂಕ ಬದಲಿಸುವುದು. ತಲೆಕೆಳಗಾದ ಡ್ರೈವರ್ ಬೀಸಲು ಹಗುರ, ಅದರಿಂದ ಐದು ಬೀಸು. ಆಮೇಲೆ ಸರಿಯಾಗಿ ಹಿಡಿದ ಡ್ರೈವರ್‌ನಿಂದ ಐದು, ಹತ್ತಿರದ ಹೊಡೆತಕ್ಕೆ ಬಳಸುವ, ತುಸು ಭಾರದ ವೆಜ್ ಎಂಬ ಕ್ಲಬ್‌ನಿಂದ ಐದು. ಹಗುರವಾದದ್ದನ್ನು ಬೀಸಿದಾಗ ಇನ್ನೂ ಜೋರಾಗಿ ತಿರುಗಬಹುದು ಎಂಬುದು ಮೈಗೆ ಅಭ್ಯಾಸವಾಗುತ್ತದೆ. ಎರಡು ಮೂರು ಕ್ಲಬ್ ಒಟ್ಟಿಗೆ ಹಿಡಿದು ಬೀಸುವವರಿದ್ದಾರೆ. ಮೈ ಸಡಿಲಿಸಲು ಅದು ಸರಿ, ವೇಗಕ್ಕಲ್ಲ. ಅಷ್ಟು ಭಾರ ನಿಮ್ಮನ್ನು ನಿಧಾನಕ್ಕೇ ಒಗ್ಗಿಸುತ್ತದೆ. ಪ್ರತಿ ಐದಕ್ಕೂ ಒಂದು ನಿಮಿಷ ಸುಧಾರಿಸಿಕೊಳ್ಳಿ. ಏದುಸಿರಿನಲ್ಲಿ ಬೀಸಿದ್ದು ವ್ಯಾಯಾಮವಾದೀತು, ವೇಗದ ಅಭ್ಯಾಸವಾಗದು. ಕೊನೆಗೆ ಎಡಗೈ ಆಟಗಾರರಂತೆ ನಿಂತು ನಾಲ್ಕೈದು ಸಲ ಬೀಸಿ, ಬೆನ್ನಿನ ಎರಡೂ ಬದಿ ಸಮನಾಗಿ ದುಡಿಯಲಿ. ಒಂದು ದಿನ ಬಿಟ್ಟು ಒಂದು ದಿನ, ವಾರಕ್ಕೆ ಮೂರು ಸಲ ಸಾಕು.

ಹೈಸ್ಕೂಲ್ ಮೈದಾನದಂಥ ಕಡೆ ಅಭ್ಯಾಸ ಮಾಡುವವರಿಗೆ ಒಂದು ಕಟ್ಟುನಿಟ್ಟಿನ ಮಾತು: ಅಲ್ಲಿ ನಿಜವಾದ ಗಾಲ್ಫ್ ಚೆಂಡು ಹೊಡೆಯಲೇಬೇಡಿ. ಸುಮಾರು 46 ಗ್ರಾಂ ತೂಗುವ ಆ ಗಟ್ಟಿ ಚೆಂಡು ವಾಕಿಂಗ್‌ಗೆ ಬಂದವರ, ಆಡುವ ಮಕ್ಕಳ ತಲೆಗೆ ಬಡಿದರೆ ಪ್ರಾಣಕ್ಕೇ ಕುತ್ತು. ಕ್ಲಬ್ ಬೀಸುವಾಗಲೂ ಸುತ್ತ ನಾಲ್ಕು ಮಾರು ಜಾಗ ಖಾಲಿ ಇರಲಿ.

ದೂರವೊಂದೇ ಗಾಲ್ಫ್ ಅಲ್ಲ ಎಂಬುದಕ್ಕೆ ಬೆಂಗಳೂರಿನ ಅದಿತಿ ಅಶೋಕ್ ಇದ್ದಾರೆ. ಡ್ರೈವ್‌ನ ದೂರದಲ್ಲಿ ಎದುರಾಳಿಗಳಿಗಿಂತ ಹಿಂದಿದ್ದರೂ ಪಟಿಂಗ್ (ಚೆಂಡನ್ನು ಕುಳಿಗೆ ಉರುಳಿಸುವ ಹೊಡೆತ) ಬಲದಿಂದ ಟೋಕಿಯೊ ಒಲಿಂಪಿಕ್ಸ್‌ನಲ್ಲಿ 4ನೇ ಸ್ಥಾನಕ್ಕೇರಿದರು. ಹಾಗಾಗಿ ವೇಗದ ಅಭ್ಯಾಸ ಪಟಿಂಗ್‌ನ ಸಮಯವನ್ನು ನುಂಗದಿರಲಿ.

ಒಂದೂವರೆ ತಿಂಗಳ ನಂತರ ರೇಂಜ್‌ಗೆ, ಅಂದರೆ ಚೆಂಡು ಹೊಡೆದು ಅಭ್ಯಾಸ ಮಾಡುವ ಜಾಗಕ್ಕೆ, ಹೋಗಿ. ಚೆಂಡಿನ ಮೇಲೆ ವೈಟ್‌ಬೋರ್ಡ್ ಮಾರ್ಕರ್‌ನಿಂದ ಚುಕ್ಕಿ ಇಟ್ಟು, ಅದು ಕ್ಲಬ್ ತಾಗುವ ಕಡೆಗೆ ಬರುವಂತೆ ಟೀ ಎಂಬ ಪುಟ್ಟ ಗೂಟದ ಮೇಲಿರಿಸಿ ಹೊಡೆಯಿರಿ. ತಾಗಿದ ಜಾಗದ ಗುರುತು ಕ್ಲಬ್ ಮೇಲೆ ಮೂಡುತ್ತದೆ. ಹತ್ತರಲ್ಲಿ ಆರೇಳು ನಡುವೆ ಬಿದ್ದಿದ್ದರೆ ಪೂರ್ತಿ ವೇಗದಲ್ಲೇ ಮುಂದುವರಿಯಿರಿ. ಗುರುತುಗಳು ಅಂಚಿನ ಕಡೆ ಚದುರಿದ್ದರೆ ಕೆಲವು ದಿನ ಮುಕ್ಕಾಲು ವೇಗಕ್ಕೆ ಇಳಿದು, ನಡುವೆ ತಾಗತೊಡಗಿದ ಮೇಲೆ ಮತ್ತೆ ಏರಿಸಿ.